ಮಿದುಳಿನ ಗಾಯ ಮತ್ತು ವಿಮೆ

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದಾಗ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಿಮೆ ಭರಿಸಿತು. ಕಳೆದುಹೋದ ಮಾತನ್ನು ಮರಳಿ ಕಲಿಸುವ ಚಿಕಿತ್ಸೆಗೆ ಮಾತ್ರ ಹಣ ದೊರೆಯಲಿಲ್ಲ. ಅವನ ತಂದೆ ಗದ್ದೆ ಮಾರಿದರು.

ಈ ಚಿಕಿತ್ಸೆ ಹೊಸದೇನಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿಯೇ ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ ವೈದ್ಯ ಕರ್ಟ್ ಗೋಲ್ಡ್‌ಸ್ಟೀನ್ ಅವರು ಮಿದುಳಿಗೆ ಗಾಯವಾದ ಸೈನಿಕರನ್ನು ಮಾತಿಗೆ, ದುಡಿಮೆಗೆ ಮರಳಿಸಲು ಶ್ರಮಿಸಿದ್ದರು. ಆದರೆ ವಿಮೆಯ ಕರಾರುಗಳು ಇದನ್ನು ಹೊರಗಿಡುತ್ತಲೇ ಬಂದವು. ಕೊನೆಗೆ ಅಮೆರಿಕದ ಟೆಕ್ಸಾಸ್ ರಾಜ್ಯವು 2001ರಲ್ಲಿ, ಮಿದುಳಿನ ಗಾಯಕ್ಕೆ ಅಗತ್ಯವಾದ ಪುನಶ್ಚೇತನ ಚಿಕಿತ್ಸೆಯನ್ನು ಆರೋಗ್ಯವಿಮೆ ನಿರಾಕರಿಸಬಾರದೆಂದು ಕಾನೂನನ್ನೇ ಮಾಡಬೇಕಾಯಿತು.

ಜೀವ ಉಳಿಸಿದರೆ ಅರ್ಧ ಕೆಲಸವಷ್ಟೇ ಆದಂತೆ. ಪ್ರಿಯ ವಿದ್ಯಾರ್ಥಿಗಳೇ, ವಿಮೆ ಮಾಡಿಸುವಾಗ ಆಸ್ಪತ್ರೆಯಿಂದ ಮನೆಗೆ ಬಂದ ನಂತರದ ಚಿಕಿತ್ಸೆಯೂ ಅದರಲ್ಲಿ ಸೇರಿದೆಯೇ, ಎಷ್ಟು ದಿನದವರೆಗೆ ಎಂದು ತಪ್ಪದೆ ಕೇಳಿರಿ.