ಗುಳ್ಳೆ ಹೇಳಿದ ಸಾಕ್ಷಿ

ನಮ್ಮ ನಡುಮನೆಯ ಗೋಡೆಗೆ ಮೂರಡಿ ಉದ್ದದ ಒಂದು ಪುಸ್ತಕದ ಹಲಗೆಯಿದೆ. ಅದರ ಧೂಳು ಒರೆಸುವಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಹಲಗೆ ನೆಟ್ಟಗೇ ಇದೆ. ಓರೆಯಾದದ್ದು ನನ್ನ ಮಾತು.

ಅದನ್ನು ಮಾಡಿದ ಆಚಾರ್ರು ನಮ್ಮ ಮಾವನವರ ಕಾಲದಿಂದ ಮನೆಗೆ ಬರುತ್ತಿದ್ದವರು. ಕೆಲಸ ಮುಗಿಸಿ ಕೂಲಿಗೆ ನಿಂತಾಗ, ಮಗ ಪೇಟೆಯಿಂದ ತಂದಿದ್ದ ಹೊಸ ಸ್ಪಿರಿಟ್ ಲೆವೆಲ್ಲನ್ನು ಹಲಗೆಯ ಮೇಲಿಟ್ಟೆ. ಗುಳ್ಳೆ ಗೆರೆ ದಾಟಿ ಬಲಕ್ಕೆ ನಿಂತಿತು. “ಬಲಗಡೆ ಎತ್ತರವಾಗಿದೆಯಲ್ಲ ಆಚಾರ್ರೇ, ಸರಿಮಾಡದೆ ದುಡ್ಡು ಹೇಗೆ ಕೊಡಲಿ?” ಎಂದುಬಿಟ್ಟೆ. ಉತ್ತರಪತ್ರಿಕೆಗಳ ಮೇಲೆ ಕೆಂಪು ಗೀಟೆಳೆದು ರೂಢಿಯಾದ ಕೈ ನನ್ನದು.

ಅವರು ಲೆವೆಲ್ಲನ್ನೆತ್ತಿ, ಎಡತುದಿಯನ್ನು ಬಲಕ್ಕೆ ತಿರುಗಿಸಿ, ಅದೇ ಜಾಗದಲ್ಲಿಟ್ಟರು. ಗುಳ್ಳೆ ಈಗ ಎಡಕ್ಕೆ, ಅಷ್ಟೇ ದೂರ ಸರಿದು ನಿಂತಿತು. “ಈಗ ಎಡಗಡೆ ಎತ್ತರ ಅಂತಿದೆ. ಹಲಗೆ ಅಲ್ಲೇ ಇದೆ. ಯಾವ ಮಾತು ನಂಬ್ತೀರಿ ಅಮ್ಮಾ?” ಎಂದರು. ತಪ್ಪು ಲೆವೆಲ್ಲಿನದಾಗಿತ್ತು. ಹಲಗೆ ಓರೆಯಿದ್ದು ಲೆವೆಲ್ ಸರಿಯಿದ್ದಿದ್ದರೆ, ಹೇಗೆ ತಿರುಗಿಸಿಟ್ಟರೂ ಗುಳ್ಳೆ ಎತ್ತರದ ಕಡೆಗೇ ಹೋಗಬೇಕಿತ್ತು.

ಇತಿಹಾಸ ಪಾಠ ಮಾಡುವ ನನಗೆ ಈ ಪುಟ್ಟ ಗಾಜಿನ ಕೊಳವೆಯ ಇತಿಹಾಸವೇ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದೆ.

ಈಜಿಪ್ಟಿನ ದೇರ್ ಎಲ್ ಮದೀನಾದಲ್ಲಿ, ರಾಜರ ಸಮಾಧಿಗಳ ಕೆಲಸ ಮಾಡುತ್ತಿದ್ದ ಸೆನೆಜೆಮ್ ಎಂಬ ಕುಶಲಕರ್ಮಿಯ ಗೋರಿ 1886ರಲ್ಲಿ ಸಿಕ್ಕಿತು. ಅವನು ಕ್ರಿ.ಪೂ. 13ನೇ ಶತಮಾನದವನು. ಅವನ ಜೊತೆಗಿಟ್ಟ ಸಲಕರಣೆಗಳಲ್ಲಿ ಇಂಗ್ಲಿಷಿನ ‘ಎ’ ಅಕ್ಷರದಂಥ ಮರದ ಚೌಕಟ್ಟೊಂದಿತ್ತು. ನೆತ್ತಿಯಿಂದ ಇಳಿಬಿಟ್ಟ ತೂಗುಗುಂಡಿನ ದಾರ ಅಡ್ಡಪಟ್ಟಿಯ ನಡುಗೆರೆಗೆ ಬಂದರೆ ತಳ ಮಟ್ಟವಾಗಿದೆ ಎಂದರ್ಥ.

ಗುಳ್ಳೆ ಬಂದದ್ದು ಬಹಳ ತಡವಾಗಿ. ಫ್ರಾನ್ಸಿನ ಮೆಲ್ಕಿಸೆಡೆಕ್ ತೆವೆನೊ 1661ರ ಹೊತ್ತಿಗೆ ಗಾಜಿನ ಕೊಳವೆಯಲ್ಲಿ ಮದ್ಯಸಾರ ತುಂಬಿ, ಒಂದು ಗುಳ್ಳೆಯಷ್ಟು ಗಾಳಿ ಉಳಿಸಿ ಬಾಯಿ ಮುಚ್ಚಿದ. ನೀರಿನಂತೆ ಅದು ಚಳಿಗೆ ಹೆಪ್ಪುಗಟ್ಟದು. ಆ ಮದ್ಯಸಾರದಿಂದಲೇ ‘ಸ್ಪಿರಿಟ್’ ಎಂಬ ಹೆಸರು. ಈತ ಮುಂದೆ ರಾಜನ ಗ್ರಂಥಾಲಯದ ಮೇಲ್ವಿಚಾರಕನಾದನಂತೆ; ನನ್ನ ಪುಸ್ತಕದ ಹಲಗೆಯ ಜಗಳಕ್ಕೆ ತಕ್ಕ ಮೂಲಪುರುಷನೇ! ಮೊದಲು ದೂರದರ್ಶಕ, ಭೂಮಾಪನದ ಉಪಕರಣಗಳಲ್ಲಿದ್ದ ಗುಳ್ಳೆ, 19ನೇ ಶತಮಾನದಲ್ಲಿ ಕಾರ್ಖಾನೆಗಳು ಲೆವೆಲ್ ತಯಾರಿಸತೊಡಗಿದ ಮೇಲೆ ಬಡಗಿಗಳ ಚೀಲ ಸೇರಿತು.

ಹಾಗಾದರೆ ಬಡಗಿಯ ಲೆವೆಲ್ ಎಷ್ಟು ನಿಖರವಿರಬೇಕು? ಒಳ್ಳೆಯದರ ಮೇಲೆ ‘ಮೀಟರಿಗೆ 0.5 ಮಿಲಿಮೀಟರ್’ ಎಂದು ಬರೆದಿರುತ್ತದೆ. ನನ್ನ ಮೂರಡಿ ಹಲಗೆಗೆ ಅದು ಅರ್ಧ ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ. ಯಂತ್ರಗಳನ್ನು ಕೂರಿಸುವವರು ಮೀಟರಿಗೆ 0.02 ಮಿಲಿಮೀಟರ್ ತೋರಿಸುವ ಲೆವೆಲ್ ಬಳಸುತ್ತಾರೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮರಕ್ಕೆ ಅದೇಕೆ? ಬಡಗಿಗೆ ಬೇಕಾದದ್ದು ತಿರುಗಿಸಿಟ್ಟರೂ ಒಂದೇ ಮಾತು ಹೇಳುವ ಲೆವೆಲ್.

ಅಂದು ಪೂರ್ತಿ ಕೂಲಿ ಕೊಟ್ಟು, “ತಪ್ಪಾಯಿತು ಆಚಾರ್ರೇ” ಎಂದೆ. “ಇರಲಿ ಬಿಡಿಯಮ್ಮಾ” ಎಂದು ಉಳಿ, ಕೈಗರಗಸ ಚೀಲಕ್ಕೆ ಹಾಕಿಕೊಂಡರು. ಪ್ರತಿಸಲ ಎರಡು ಲೋಟ ಕಾಫಿ ಕುಡಿದು ಹೋಗುತ್ತಿದ್ದವರು ಅಂದು ಮಾತ್ರ ಕಾಫಿ ಬೇಡವೆಂದರು.