ಬಲಗಡೆಯ ಹಿಮ್ಮೇಳ

ಹಂಗಳದ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಮಂಟೇಸ್ವಾಮಿ ಕಾವ್ಯದ ಹಳೆಯ ಧ್ವನಿಮುದ್ರಣವನ್ನು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದೆ. ಕ್ಯಾಸೆಟ್ಟಿನಿಂದ ಇಳಿಸಿಕೊಂಡದ್ದು. ಮುಂದಾಳು ನೀಲಗಾರರ ಕಂಠ, ತಂಬೂರಿ ಎರಡೂ ಸ್ಪಷ್ಟವಾಗಿದ್ದವು. ಒಂದು ಸಂಜೆ ಹೊಸ್ತಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಕೇಳಿದಳು: “ಹಿಮ್ಮೇಳದೋರು ಎಲ್ಗ ಹೋದ್ರು ಕೂಸು?”

ನಕ್ಕುಬಿಟ್ಟೆ. ಈ ತಂಡ ಹಿಮ್ಮೇಳವಿಲ್ಲದೆ ಹಾಡುವ ರೂಢಿಗೆ ಬಂದಿತ್ತೆಂದು ಅಷ್ಟರಲ್ಲಿ ಮಹಾಪ್ರಬಂಧದ ಒಂದು ಅಧ್ಯಾಯದಲ್ಲಿ ಬರೆದು, ಅದಕ್ಕೊಂದು ಸಾಮಾಜಿಕ ಕಾರಣವನ್ನೂ ಹೊಸೆದಾಗಿತ್ತು. ಆದರೆ ಅಜ್ಜಿ ಚಿಕ್ಕಲ್ಲೂರು ಜಾತ್ರೆಯಲ್ಲಿ ರಾತ್ರಿಯಿಡೀ ಕೂತು ನೀಲಗಾರರನ್ನು ಕೇಳಿದವಳು. ಅನುಮಾನ ಹೋಗಲಿಲ್ಲ. ಇಯರ್‌ಫೋನನ್ನು ಕಂಪ್ಯೂಟರಿನ ಹಸಿರು ತೂತಿಗೆ ಸಿಕ್ಕಿಸಿದೆ. ಬಲಗಿವಿಯಲ್ಲಿ ಇಬ್ಬರು ಸೊಲ್ಲು ಹಿಡಿಯುತ್ತಿದ್ದರು. ಗಗ್ಗರವೂ ಇತ್ತು.

ಹಾಗಾದರೆ ದೋಷ ಮುದ್ರಣದ್ದಲ್ಲ, ಕಂಪ್ಯೂಟರಿನದೂ ಅಲ್ಲ. ಎರಡು ಸ್ಪೀಕರುಗಳ ವೈರುಗಳನ್ನು ಅದಲುಬದಲು ಮಾಡಿದೆ. ಈಗ ಎಡ ಸ್ಪೀಕರಿನಲ್ಲಿ ಹಿಮ್ಮೇಳ ಬಂತು, ಮುಂದಾಳು ಮಾಯ. ಪುಸ್ತಕದ ರಾಶಿಯ ಹಿಂದಿದ್ದ ಬಲ ಸ್ಪೀಕರನ್ನು ಎಳೆದು ನೋಡಿದರೆ, ಅದರ ವೈರನ್ನು ಇಲಿ ಕಡಿದಿತ್ತು. ಎಡಗಡೆಗೂ ಹಿಮ್ಮೇಳದ ದನಿ ಸಣ್ಣಗೆ ಸೋರಿತ್ತು. ಅದನ್ನು ನಾನು ನೆರೆದ ಜನರ ಗದ್ದಲವೆಂದು ಬಗೆದಿದ್ದೆ.

ಈ ಎಡ-ಬಲದ ಕಥೆ ಹಳೆಯದು. ಲಂಡನ್ನಿನಲ್ಲಿ ಅಲನ್ ಬ್ಲಮ್ಲೈನ್ ಸ್ಟೀರಿಯೋ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಆರಂಭಿಸಿದಾಗ ಕೇಳಿದ್ದು ಮಾತ್ರ ಒಂದೇ ವಾಹಿನಿಯ ದನಿ. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟಿನದು ಇನ್ನೊಂದು ಜಾಣತನ. ಸ್ಟೀರಿಯೋ ಮುದ್ರಣದಲ್ಲಿ ಎಡ, ಬಲದ ಪಟ್ಟಿಗಳು ಟೇಪಿನ ಮೇಲೆ ಅಕ್ಕಪಕ್ಕದಲ್ಲೇ ಇರುತ್ತವೆ. ಒಂದೇ ಸ್ಪೀಕರಿನ ಅಗ್ಗದ ಮೊನೊ ಟೇಪ್‌ರೆಕಾರ್ಡರಿನ ಹೆಡ್ ಎರಡನ್ನೂ ಒಟ್ಟಿಗೆ ಓದುತ್ತದೆ. ಅಂದರೆ ಇದೇ ಕ್ಯಾಸೆಟ್ಟನ್ನು ಅಟ್ಟದ ಮೇಲಿನ ನಮ್ಮ ಹಳೆಯ ಟೇಪ್‌ರೆಕಾರ್ಡರಿಗೆ ಹಾಕಿದ್ದರೆ ಹಿಮ್ಮೇಳ ಕೇಳಿಸುತ್ತಿತ್ತು! 1981ರ ಐಬಿಎಂ ಪಿಸಿಯೊಳಗೂ ಬೀಪ್ ಎನ್ನಲು ಒಂದೇ ಪುಟ್ಟ ಸ್ಪೀಕರು. ಎಡ-ಬಲ ಬೇರೆಯಾಗಿ ಮನೆಯ ಮೇಜಿಗೆ ಬಂದಮೇಲೆ, ಒಂದು ಕಡೆ ಸತ್ತರೆ ಅರ್ಧ ಚರಿತ್ರೆ ಸದ್ದಿಲ್ಲದೆ ಹೋಗುತ್ತದೆ, ಉಳಿದರ್ಧ ಪೂರ್ತಿಯೆಂದೇ ತೋರುತ್ತದೆ.

ಸಿನಿಮಾಕ್ಕೆಂದು ತಂದಿದ್ದ ಆ ಹಳೆಯ ಸೆಟ್ಟಿನ ಬೇಸ್ ಡಬ್ಬ ತಂಬೂರಿಯ ಗುಂಯ್‌ಗುಟ್ಟುವಿಕೆಯನ್ನು ಊದಿಸಿ ಮಾತನ್ನು ನುಂಗುತ್ತಿತ್ತು ಕೂಡ. ಹೊಸದಕ್ಕೆ ಗುಂಡ್ಲುಪೇಟೆಗೆ ಹೋದೆ. ಡಬ್ಬಿಗಳ ಮೇಲೆ ಪಿಎಂಪಿಒ ಎಂದು ಸಾವಿರಗಟ್ಟಲೆ ವ್ಯಾಟ್. ಅದು ಯಾವ ಮಾನಕಕ್ಕೂ ಒಳಪಡದ ಜಾಹೀರಾತಿನ ಲೆಕ್ಕ. ನೋಡಬೇಕಾದ್ದು ಸಣ್ಣಕ್ಷರದ ಆರ್‌ಎಂಎಸ್ ಸಂಖ್ಯೆಯನ್ನು. ಬೇಸ್ ಡಬ್ಬವಿಲ್ಲದ ಜೋಡಿ ಸ್ಪೀಕರು ಸಾಕೆಂದು ಆರಿಸಿದೆ. ಅಂಗಡಿಯವರಿಗೆ ನನ್ನ ಬಗ್ಗೆ ಕನಿಕರವಾಯಿತೇನೋ. ನನ್ನ ಫೋನಿನಲ್ಲಿದ್ದ ಅದೇ ಹಾಡನ್ನು ಹಾಕಿ, ಮೊದಲು ಎಡ, ಆಮೇಲೆ ಬಲ ಒಂದೊಂದನ್ನೇ ಕೇಳಿ ದುಡ್ಡು ಕೊಟ್ಟೆ.

ಮನೆಯಲ್ಲಿ ಜೋಡಿಸಿದಾಗ ಗುಂಯ್ ಎಂಬ ಸದ್ದು. ಸ್ಪೀಕರಿನ ಪ್ಲಗ್ಗನ್ನೂ ಕಂಪ್ಯೂಟರಿನ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿದ ಮೇಲೆ ನಿಂತಿತು.

ಅಧ್ಯಾಯದಿಂದ ಹನ್ನೊಂದು ಪುಟ ತೆಗೆದಿದ್ದೇನೆ. ಮಾರ್ಗದರ್ಶಕರಿಗೆ ಪತ್ರ ಬರೆದದ್ದು ಸುಲಭವಾಗಿರಲಿಲ್ಲ. ಈಗ ಮೊದಲ ಕ್ಯಾಸೆಟ್ಟಿನಿಂದ ಮತ್ತೆ ಶುರು. ಸೊಲ್ಲು ಸ್ಪಷ್ಟವಾಗದ ಕಡೆ ಅಜ್ಜಿಯನ್ನು ಕೂಗುತ್ತೇನೆ. ಅವಳು ಬಲ ಸ್ಪೀಕರಿನ ಪಕ್ಕಕ್ಕೆ ಮಣೆ ಹಾಕಿಕೊಂಡು ಕೂರುತ್ತಾಳೆ.