‘ಮರದ ಕವಿ’ಗಳೂ ಒಂದು ಮೌನ ಕಣಿವೆಯೂ

ಕುಮಾರವ್ಯಾಸನ ವಿರಾಟಪರ್ವವನ್ನು ತರಗತಿಯಲ್ಲಿ ಓದಿಸುತ್ತಿದ್ದೆ. ದ್ರೌಪದಿ ಸೈರಂಧ್ರಿ ಎಂಬ ಹೆಸರಿನಿಂದ ವಿರಾಟನ ಅರಮನೆಯನ್ನು ಹೊಕ್ಕ ಸಂದರ್ಭ. ಹೊರಗೆ ಉರಿಬಿಸಿಲು. 2024ರ ಆ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಎಷ್ಟೋ ಬತ್ತಿ, ಟ್ಯಾಂಕರುಗಳ ಮುಂದೆ ಕೊಡಗಳು ಸಾಲುಗಟ್ಟಿದ್ದುವು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಇಷ್ಟೆಲ್ಲ ಕಾವ್ಯ ಓದಿದರೆ ಒಂದು ಹನಿ ಮಳೆ ಬರುತ್ತದೆಯೆ?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ಮನೆಯವರೆಗೂ ನನ್ನ ಬೆನ್ನ ಹಿಂದೆಯೇ ಬಂದಿತು.

ಅದಕ್ಕೆ ಉತ್ತರ ಹುಡುಕುವ ದಾರಿಯನ್ನು ತೋರಿಸಿದ್ದು ಸೈರಂಧ್ರಿ ಎಂಬ ಹೆಸರೇ. ಕೇರಳದ ಪಾಲಕ್ಕಾಡು ಜಿಲ್ಲೆಯ ಘಟ್ಟದ ಮೇಲೆ ಒಂದು ನಿತ್ಯಹರಿದ್ವರ್ಣದ ಕಾಡುಂಟು. ಅದಕ್ಕೆ ಸೈರಂಧ್ರಿವನ ಎಂದು ಹೆಸರು. ಅಲ್ಲಿ ಹರಿಯುವ ಹೊಳೆ ಕುಂತಿಪ್ಪುಳ, ಎಂದರೆ ಕುಂತಿಯ ಹೊಳೆ. ಪಾಂಡವರು ಅಲ್ಲಿ ಕೆಲಕಾಲ ತಂಗಿದ್ದರೆಂದು ಐತಿಹ್ಯ. ಇಂಗ್ಲಿಷಿನಲ್ಲಿ ಅದು ಸೈಲೆಂಟ್ ವ್ಯಾಲಿ, ಮೌನ ಕಣಿವೆ. ಜೀರುಂಡೆಯ ಸದ್ದು ಅಲ್ಲಿ ಕೇಳಿಸದಿದ್ದುದರಿಂದ ಈ ಹೆಸರು ಬಂತೆನ್ನುವವರುಂಟು. ಈ ಮೌನ ಕಣಿವೆಯ ಪರವಾಗಿ ಕವಿಗಳು ದನಿಯೆತ್ತಿದ ಕಥೆ ನಮ್ಮ ಕಾಲದ ಚರಿತ್ರೆಯಲ್ಲಿ ಒಂದು ಸ್ವಾರಸ್ಯದ ಅಧ್ಯಾಯ.

ಕುಂತಿಪ್ಪುಳಕ್ಕೆ ಅಣೆಕಟ್ಟು ಕಟ್ಟಿ 120 ಮೆಗಾವಾಟ್ ವಿದ್ಯುತ್ತನ್ನು ಪಡೆಯುವ ಯೋಜನೆಗೆ 1973ರಲ್ಲಿ ಯೋಜನಾ ಆಯೋಗದ ಒಪ್ಪಿಗೆ ದೊರೆಯಿತು. ಮುಳುಗಬೇಕಾಗಿದ್ದುದು ಸುಮಾರು 830 ಹೆಕ್ಟೇರು ಕಾಡು. ಯೋಜನೆಯನ್ನು ಬಯಸಿದವರೆಲ್ಲ ದುಷ್ಟರೆಂದು ತಿಳಿಯುವುದು ಅನ್ಯಾಯವಾದೀತು. ಮಲಬಾರ್ ಪ್ರಾಂತ ಆಗ ಹಿಂದುಳಿದಿತ್ತು. ದೀಪವೂ ನೀರಾವರಿಯೂ ಉದ್ಯೋಗವೂ ಅಲ್ಲಿಯ ಜನಕ್ಕೆ ನಿಜವಾಗಿಯೂ ಬೇಕಾಗಿದ್ದುವು. ಕಣಿವೆಯ ಕೆಳಗಿನ ಊರುಗಳಲ್ಲೇ ಅಣೆಕಟ್ಟಿಗಾಗಿ ಕಾದಿದ್ದವರು ಅನೇಕರು. ಅಂಥ ಜನರ ಎದುರಿಗೆ ನಿಂತು “ಮರ ಉಳಿಯಲಿ” ಎನ್ನುವುದು ಸುಲಭವಾದ ಮಾತಾಗಿರಲಿಲ್ಲ.

ಮೊದಲು ದನಿಯೆತ್ತಿದವರು ಕವಿಗಳಲ್ಲ, ಮೇಷ್ಟರುಗಳು. ಪಯ್ಯನ್ನೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಜಾನ್ ಸಿ. ಜೇಕಬ್ ಅವರು ವಿದ್ಯಾರ್ಥಿಗಳನ್ನು ಕಾಡುಗುಡ್ಡಗಳಿಗೆ ಕರೆದೊಯ್ದು ಪ್ರಕೃತಿಪಾಠ ಹೇಳುತ್ತಿದ್ದರು. ಸಸ್ಯಶಾಸ್ತ್ರದ ಅಧ್ಯಾಪಕರಾದ ಎಂ. ಕೆ. ಪ್ರಸಾದ್ ಅವರು ಕಣಿವೆಯ ಮಹತ್ವವನ್ನು ಕುರಿತು ಲೇಖನಗಳನ್ನು ಬರೆದರು. ವಿಜ್ಞಾನವನ್ನು ಮಲಯಾಳದಲ್ಲಿ ಜನಕ್ಕೆ ತಿಳಿಸಲೆಂದು 1962ರಲ್ಲಿ ಹುಟ್ಟಿದ್ದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಈ ವಿಚಾರವನ್ನು ಕೈಗೆತ್ತಿಕೊಂಡಿತು. 1979ರಲ್ಲಿ ಅದು ಪ್ರಕಟಿಸಿದ ಕಿರುಹೊತ್ತಿಗೆಯನ್ನು ಬರೆದ ಐವರಲ್ಲಿ ಎಂಜಿನಿಯರರೂ ಅರ್ಥಶಾಸ್ತ್ರಜ್ಞರೂ ಇದ್ದರೆಂಬುದು ಗಮನಾರ್ಹ. ಮರದ ಮೇಲಿನ ಮಮತೆಯೊಂದನ್ನೇ ನೆಚ್ಚದೆ, ಮಲಬಾರಿಗೆ ವಿದ್ಯುತ್ತನ್ನು ಬೇರೆ ಬಗೆಯಿಂದ ಒದಗಿಸುವುದು ಹೇಗೆಂಬ ಲೆಕ್ಕವನ್ನೂ ಅವರು ಮುಂದಿಟ್ಟರು. ಆ ಕಾಡಿನ ಸಿಂಗಳೀಕವಂತೂ, ನಮ್ಮ ಶರಾವತಿಯ ಕಾಡಿನಲ್ಲಿಯೂ ಇರುವ ಅದೇ ಸಿಂಗಳೀಕ, ದೇಶದೇಶಗಳ ಪತ್ರಿಕೆಗಳಲ್ಲಿ ಪ್ರಸಿದ್ಧವಾಯಿತು.

ಆದರೂ ಹೊತ್ತಿಗೆಯನ್ನು ಓದುವವರು ಎಷ್ಟು ಮಂದಿ? ಲೆಕ್ಕ ಬುದ್ಧಿಯನ್ನು ಒಪ್ಪಿಸಬಲ್ಲದು, ಬೀದಿಗೆ ಕರೆತರಲಾರದು. ಕವಿಗಳ ಕೆಲಸ ಆರಂಭವಾದದ್ದು ಇಲ್ಲಿ.

ಕವಯಿತ್ರಿ ಸುಗತಕುಮಾರಿಯವರು 1934ರಲ್ಲಿ ಆರನ್ಮುಳದಲ್ಲಿ ಹುಟ್ಟಿದವರು. ತಂದೆ ಬೋಧೇಶ್ವರನ್ ಕವಿ, ಸ್ವಾತಂತ್ರ್ಯ ಹೋರಾಟಗಾರರು. ಮೌನ ಕಣಿವೆಯ ವಿಚಾರ ತಿಳಿದಮೇಲೆ ಅವರು ಮನೆಯಲ್ಲಿ ಕುಳಿತಿರಲಾರದೆ ಹೋದರು. ಎನ್. ವಿ. ಕೃಷ್ಣವಾರಿಯರ್, ಒ. ಎನ್. ವಿ. ಕುರುಪ್, ಅಯ್ಯಪ್ಪ ಪಣಿಕ್ಕರ್, ವಿಷ್ಣುನಾರಾಯಣನ್ ನಂಬೂದಿರಿ, ಕಡಮ್ಮನಿಟ್ಟ ರಾಮಕೃಷ್ಣನ್ ಮೊದಲಾದ ಕವಿಗಳು ಜೊತೆಗೂಡಿದರು. ಪ್ರಕೃತಿ ಸಂರಕ್ಷಣ ಸಮಿತಿ ರೂಪುಗೊಂಡಿತು. ಕಾವ್ಯಮಾರ್ಗದಲ್ಲಿ ಒಬ್ಬರಿಗೊಬ್ಬರು ದೂರವಾಗಿದ್ದವರು, ಛಂದಸ್ಸನ್ನು ಬಿಡದವರೂ ಬಿಟ್ಟವರೂ, ಒಂದೇ ವೇದಿಕೆಯ ಮೇಲೆ ನಿಂತರು. ಸಭೆಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಕವಿತೆಯ ಓದು ನಡೆಯಿತು. ಸುಗತಕುಮಾರಿಯವರ ‘ಮರತ್ತಿನು ಸ್ತುತಿ’, ಎಂದರೆ ಮರಕ್ಕೊಂದು ಸ್ತುತಿ, ಚಳವಳಿಯ ಪ್ರಾರ್ಥನೆಯೇ ಆಯಿತು. ಕೇರಳದಲ್ಲಿ ಕವಿತೆಯನ್ನು ರಾಗವಾಗಿ ಹೇಳುವ, ಹೇಳಿದ್ದನ್ನು ಕುಳಿತು ಕೇಳುವ ವಾಡಿಕೆ ಇನ್ನೂ ಬಲವಾಗಿದ್ದುದು ಈ ಕೆಲಸಕ್ಕೆ ನೆರವಾಯಿತು. ಓದುಬಾರದವರೂ ಹಾಡನ್ನು ಮನೆಗೆ ಒಯ್ಯಬಹುದಷ್ಟೆ.

ಅಪಹಾಸ್ಯಕ್ಕೇನೂ ಕೊರತೆಯಿರಲಿಲ್ಲ. ಇವರಿಗೆ ‘ಮರದ ಕವಿಗಳು’ ಎಂಬ ಬಿರುದು ಬಂತು. ಕಾಡಿಗೂ ಮಳೆಗೂ ಸಂಬಂಧವಿದೆಯೆಂದು ಇವರು ಹೇಳಿದಾಗ, “ಕಡಲಲ್ಲಿ ಯಾವ ಮರವಿದೆ? ಅಲ್ಲಿ ಮಳೆ ಬೀಳುವುದಿಲ್ಲವೆ?” ಎಂಬ ಎದುರುಪ್ರಶ್ನೆ ಬಂದಿತೆಂದು ಕೇರಳದಲ್ಲಿ ಇಂದಿಗೂ ಹೇಳಿ ನಗುತ್ತಾರೆ. 1980ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಚಳವಳಿಗಾರರ ಅರ್ಜಿಯನ್ನು ತಳ್ಳಿಹಾಕಿತು. ಅಲ್ಲಿಗೆ ಎಲ್ಲವೂ ಮುಗಿದಂತೆಯೇ ತೋರಿತು. ಆದರೆ ಆ ವೇಳೆಗೆ ಪ್ರಶ್ನೆ ನ್ಯಾಯಾಲಯದ ಕಟ್ಟೆಯನ್ನು ದಾಟಿ ಜನರ ಮನೆ ಹೊಕ್ಕಿತ್ತು. ಅದೇ ವರ್ಷ ಶಾಸ್ತ್ರ ಸಾಹಿತ್ಯ ಪರಿಷತ್ತು ಹಾಡನ್ನೂ ನಾಟಕವನ್ನೂ ಹೊತ್ತ ‘ಕಲಾಜಾಥಾ’ಗಳನ್ನು ಊರೂರಿಗೆ ಹೊರಡಿಸಿತು. ಕೇಂದ್ರದಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಇಂದಿರಾ ಗಾಂಧಿಯವರು ಕಾಡಿನ ವಿಚಾರದಲ್ಲಿ ಆಸಕ್ತಿಯುಳ್ಳವರು, ವಿಜ್ಞಾನಿ ಎಂ. ಜಿ. ಕೆ. ಮೆನನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ಕುಳಿತು ವಿಚಾರಮಾಡಿತು. 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. 1985ರ ಸೆಪ್ಟೆಂಬರಿನಲ್ಲಿ ರಾಜೀವ್ ಗಾಂಧಿಯವರು ಅದನ್ನು ಉದ್ಘಾಟಿಸಿದರು.

ಕವಿತೆ ಕಾಡನ್ನು ಉಳಿಸಿತೆಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಹೊತ್ತಿಗೆ ಬರೆದವರಿಲ್ಲದಿದ್ದರೆ ಕವಿಗಳ ಮಾತು ಬರಿಯ ಹಲುಬಾಟವಾಗುತ್ತಿತ್ತು. ಊರೂರು ಸುತ್ತಿದ ಕಾರ್ಯಕರ್ತರಿಲ್ಲದಿದ್ದರೆ ಇಬ್ಬರ ಮಾತೂ ರಾಜಧಾನಿಯ ಸಭಾಭವನದಲ್ಲೇ ಉಳಿಯುತ್ತಿತ್ತು. ದೆಹಲಿಯಲ್ಲಿ ಕಿವಿಗೊಡುವವರಿಲ್ಲದಿದ್ದರೆ ಮೂವರೂ ಸೋಲುತ್ತಿದ್ದರು. ಆದರೆ “ಎಷ್ಟು ಮೆಗಾವಾಟ್?” ಎಂದು ಮಾತ್ರ ಕೇಳುತ್ತಿದ್ದ ನಾಡು “ಕಳೆದುಕೊಳ್ಳುವುದೇನು?” ಎಂದೂ ಕೇಳುವಂತಾಯಿತಲ್ಲ, ಅದು ಕವಿಗಳು ಮಾಡಿದ ಕೆಲಸ.

ಈ ಬಗೆಯ ಕೂಟ ಕೇರಳಕ್ಕೆ ಮಾತ್ರ ಮೀಸಲಾಗಿರಲಿಲ್ಲ. ಹಿಮಾಲಯದ ತಪ್ಪಲಿನ ಚಿಪ್ಕೊ ಚಳವಳಿಗೆ ಘನಶ್ಯಾಮ ಸೈಲಾನಿ ಎಂಬ ಜನಪದ ಕವಿಯ ಹಾಡುಗಳು ಉಸಿರಾಗಿದ್ದುವು. ಆ ಚಳವಳಿಯ ಸುಂದರಲಾಲ ಬಹುಗುಣರು 1983ರಲ್ಲಿ ನಮ್ಮ ಶಿರಸಿಗೆ ಬಂದರು. ಅದೇ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಸೆಯ ಕಾಡಿಗೆ ನಡೆದುಹೋಗಿ, ಕೊಡಲಿಗೆ ಗುರಿಯಾಗಿದ್ದ ಮರಗಳನ್ನು ಅಪ್ಪಿ ನಿಂತರು. ಅದೇ ‘ಅಪ್ಪಿಕೊ’. ಯಕ್ಷಗಾನವನ್ನೂ ಜಾನಪದ ಹಾಡುಗಳನ್ನೂ ಅದು ಬಳಸಿಕೊಂಡಿತು. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಮಾತುಗಳಲ್ಲಿ ಅದರ ತತ್ತ್ವವೆಲ್ಲ ಅಡಗಿತ್ತು. ಆ ಪ್ರಾಸದ ದೆಸೆಯಿಂದಲೇ ಅದು ಮಕ್ಕಳ ನಾಲಗೆಯ ಮೇಲೂ ನಿಂತಿತು.

ಅಂದು ಹವಾಮಾನದ ಬದಲಾವಣೆ ಎಂಬ ಮಾತು ನಮ್ಮ ಪತ್ರಿಕೆಗಳಲ್ಲಿ ಅಪರೂಪ. ಇಂದು ಅದಿಲ್ಲದ ದಿನವಿಲ್ಲ. ನಗೆಪಾಟಲಾಗಿದ್ದ ಕಾಡು ಮಳೆಗಳ ಸಂಬಂಧವೂ ಈಗ ಸಂಶೋಧಕರ ವಿಷಯ. ತಮಿಳುನಾಡಿನ ಮುಂಗಾರು ಮಳೆಯ ತೇವದಲ್ಲಿ ಗಣನೀಯ ಪಾಲು ಪಶ್ಚಿಮ ಘಟ್ಟದ ಕಾಡುಗಳು ಉಸಿರಾಗಿ ಬಿಟ್ಟದ್ದೆಂದು ಮುಂಬಯಿಯ ಐ.ಐ.ಟಿ.ಯ ವಿದ್ವಾಂಸರು 2018ರಲ್ಲಿ ತೋರಿಸಿದರು. 2024ರ ಜುಲೈ 30ರ ಇರುಳು ವಯನಾಡಿನ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಮಡಿದರು. ಆ ದಿನದ ಮಳೆ ಭೂಮಿಯ ತಾಪ ಏರಿದ್ದರಿಂದಾಗಿ ಶೇಕಡಾ 10ರಷ್ಟು ಹೆಚ್ಚು ಬಿರುಸಾಗಿತ್ತೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಇದನ್ನು ನೋಡಲು ಸುಗತಕುಮಾರಿಯವರು ಇರಲಿಲ್ಲ. 2020ರ ಡಿಸೆಂಬರಿನಲ್ಲಿ ಕೋವಿಡ್ ಅವರನ್ನು ಕೊಂಡೊಯ್ದಿತ್ತು.

ಆದರೆ ಇಂದಿನ ಕವಿಯ ಕಷ್ಟ ಅಂದಿನವರದಕ್ಕಿಂತ ದೊಡ್ಡದು. ಅಣೆಕಟ್ಟಿಗೆ ಒಂದು ವಿಳಾಸವಿತ್ತು; ಅದನ್ನು ಬೆರಳುಮಾಡಿ ತೋರಿಸಬಹುದಾಗಿತ್ತು. ಗಾಳಿಯಲ್ಲಿ ಹೆಚ್ಚುತ್ತಿರುವ ಇಂಗಾಲದ ಡೈಆಕ್ಸೈಡಿಗೆ ಯಾವ ಊರು, ಯಾವ ಕೇರಿ? 1958ರಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗವಿತ್ತು, ಈಗ 420ನ್ನು ಮೀರಿದೆ ಎಂದರೆ ಯಾರ ಕಣ್ಣಿನಲ್ಲಿ ನೀರು ಬಂದೀತು?

ವಿಳಾಸವಿಲ್ಲದ ಈ ವಿಪತ್ತಿಗೆ ವಿಳಾಸ ಬರೆದ ಕವಯಿತ್ರಿಯೊಬ್ಬಳನ್ನು ಇಲ್ಲಿ ನೆನೆಯಬೇಕು. ಶಾಂತಸಾಗರದ ಮಾರ್ಷಲ್ ದ್ವೀಪಗಳ ನೆಲ ಕಡಲಿನ ಮಟ್ಟದಿಂದ ಸರಾಸರಿ ಎರಡು ಮೀಟರಿನಷ್ಟು ಮಾತ್ರ ಎತ್ತರ. ಅಲ್ಲಿಯ ಕ್ಯಾಥಿ ಜೆಟ್ನಿಲ್-ಕಿಜಿನರ್ 2014ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ, ಜಗತ್ತಿನ ಮುಖಂಡರ ಎದುರಿಗೆ, ತನ್ನ ಹಸುಗೂಸಿಗೆ ಬರೆದ ಕವಿತೆಯೊಂದನ್ನು ಓದಿದಳು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು. ಚಪ್ಪಾಳೆಯಿಂದ ಕಡಲೇನೂ ಇಳಿಯಲಿಲ್ಲ. ಆದರೆ ಅದೇ ಸಾಗರದ ದ್ವೀಪಗಳ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಆರಂಭಿಸಿದ ಪ್ರಯತ್ನವನ್ನು ವನುವಾಟು ದೇಶ ಕೈಗೆತ್ತಿಕೊಂಡು ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಒಯ್ದಿತು. ಹವಾಮಾನವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಹೊಣೆಯೆಂದು 2025ರ ಜುಲೈ 23ರಂದು ಆ ನ್ಯಾಯಾಲಯ ಅಭಿಪ್ರಾಯವಿತ್ತಿತು. ಮೌನ ಕಣಿವೆಯಲ್ಲಿದ್ದಂತೆ ಅಲ್ಲಿಯೂ ಕವಿತೆ ಒಂಟಿಯಾಗಿರಲಿಲ್ಲ.

ಇಷ್ಟನ್ನು ಓದಿಕೊಂಡ ಮೇಲೆ ನನ್ನ ಹುಡುಗನಿಗೆ ನಾನು ಉಪನ್ಯಾಸ ಕೊಡಲಿಲ್ಲ. ತರಗತಿಗೆಲ್ಲ ಒಂದು ಕೆಲಸ ಕೊಟ್ಟೆ. ನಮ್ಮ ರೈತರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆದವರು: ಅಶ್ವಿನಿ, ಭರಣಿ, ರೋಹಿಣಿ, ಆರಿದ್ರಾ, ಹುಬ್ಬೆ, ಉತ್ತರೆ. ಒಂದೊಂದಕ್ಕೂ ಗಾದೆಗಳುಂಟು. ರಜೆಗೆ ಊರಿಗೆ ಹೋದಾಗ ಆ ಗಾದೆಗಳನ್ನು ಹಿರಿಯರಿಂದ ಬರೆದುಕೊಂಡು ಬನ್ನಿ. ಈಗಲೂ ಸಲ್ಲುವುದು ಯಾವುದು, ಸಲ್ಲದ್ದು ಯಾವುದು ಎಂದೂ ಕೇಳಿ ಬನ್ನಿ ಎಂದೆ. ಗಾದೆ ನಮ್ಮ ಜನದ ಅತಿ ಚಿಕ್ಕ ಕವಿತೆ. ಮಳೆಯ ಲೆಕ್ಕದ ಪುಸ್ತಕವೂ ಹೌದು.

ಅರುವತ್ತು ಗಾದೆಗಳಾದುವು. ಹಿಂದಿನ ಬೆಂಚಿನ ಹುಡುಗ ತಂದದ್ದು ನಾಲ್ಕೇ. ಆದರೆ ಹಾಳೆಯ ಕೊನೆಯಲ್ಲಿ, ನಾನು ಕೇಳದಿದ್ದರೂ, ತನ್ನ ಅಜ್ಜಿಯ ಮಾತೊಂದನ್ನು ಬರೆದಿದ್ದ: “ಗಾದೆ ಸುಳ್ಳಾಗಿಲ್ಲ ಮಗ, ಮಳೆಗೇ ದಾರಿ ತಪ್ಪಿದೆ.” ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ: “ಸಾರ್, ಇದನ್ನು ಊರಿನ ಪಂಚಾಯಿತಿಯಲ್ಲಿ ಓದಬಹುದೆ?”

ಓದು ಎಂದು ಬರೆದು ಸಹಿ ಮಾಡಿಕೊಟ್ಟೆ.